ಸಾಲದ ರಿಕವರಿಯವರ ಫೋನು ಬಂದಾಗ ಏನು ಕೇಳಬೇಕು, ಏನು ಬರೆದಿಡಬೇಕು

ಹೋದ ವರ್ಷ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಅವರ ಫೋನು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ ಮಕಾಡೆ ಮಲಗಿತ್ತು. ಸೌಂಡ್ ಆಫ್ ಮಾಡಿದ್ದರು. ಆದರೂ ಅದು ನಡುಗಿದಾಗಲೆಲ್ಲ ತಗಡಿನ ಡಬ್ಬ ಗುರ್ ಅನ್ನುತ್ತಿತ್ತು. ನಿಲ್ಲುತ್ತಿತ್ತು, ಎರಡು ನಿಮಿಷ ಬಿಟ್ಟು ಮತ್ತೆ ಶುರು. "ಯಾರದು ಚಿಕ್ಕಮ್ಮ, ಎತ್ತಬಾರದಾ?" ಅಂದೆ. "ಅವರೇ ಕಣೋ" ಅಂದು ಸಾರಿಗೆ ಒಗ್ಗರಣೆ ಹಾಕುವುದಕ್ಕೆ ತಿರುಗಿಕೊಂಡರು. ಊಟದ ಹೊತ್ತಿಗೆ ನೋಡಿದರೆ ಹದಿನಾಲ್ಕು ಮಿಸ್ಡ್ ಕಾಲ್, ಒಂಬತ್ತು ಬೇರೆ ಬೇರೆ ನಂಬರು.

ಫೋನು ಸಾಲ ವಸೂಲಿಯವರದು, ಆದರೆ ಸಾಲ ಚಿಕ್ಕಮ್ಮನದಲ್ಲ. ನನ್ನ ತಮ್ಮ, ಅಂದರೆ ಅವರ ಮಗ, ತೆಗೆದ ಪರ್ಸನಲ್ ಲೋನ್. ಕೆಲಸ ಹೋಗಿ ಎರಡು ಕಂತು ಬಾಕಿಯಾಗಿತ್ತು. ಅರ್ಜಿ ತುಂಬುವಾಗ ರೆಫರೆನ್ಸ್ ಅಂತ ಇದ್ದ ಜಾಗದಲ್ಲಿ ಅಮ್ಮನ ನಂಬರು ಬರೆದಿದ್ದ. ಚಿಕ್ಕಮ್ಮನಿಗೂ ಆ ಸಾಲಕ್ಕೂ ಇದ್ದ ನಂಟು ಅಷ್ಟೇ. ಆದರೂ ಹಿಂದಿನ ದಿನ ಸಂಜೆ ಒಬ್ಬ ಅವರಿಗೆ, "ಮಗನ್ನ ಹೆತ್ತಿದ್ದು ಸಾಲ ಮಾಡಿಸೋಕಾ?" ಅಂತ ಕೇಳಿದ್ದನಂತೆ. ಅದನ್ನು ನನಗೆ ಹೇಳುವಾಗ ಅವರ ದನಿ ಅಷ್ಟು ಸಣ್ಣಗಾಗಿತ್ತು, ಅದು ಇನ್ನೂ ನನ್ನ ಕಿವಿಯಲ್ಲಿದೆ.

ಆ ಮಧ್ಯಾಹ್ನ ಮೂವರೂ ಕೂತು ಏನೇನು ಮಾಡಿದೆವು, ಆಮೇಲೆ ನಾನು ಓದಿ ಏನೇನು ತಿಳಿದುಕೊಂಡೆ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ತೆಗೆದ ಸಾಲ ತೀರಿಸಲೇಬೇಕು. ಆದರೆ ಸಾಲಕ್ಕೆ ಬಡ್ಡಿಯಿದೆ, ತಡವಾದರೆ ದಂಡವಿದೆ. ಬೈಸಿಕೊಳ್ಳುವುದು ಯಾವ ಕರಾರಿನಲ್ಲೂ ಇಲ್ಲ. ಫೋನು ಮಾಡುವವನ ಬಲವೆಲ್ಲ ಇರುವುದು ಬಾಯಿಮಾತಿನಲ್ಲಿ, ಅದಕ್ಕೆ ದಾಖಲೆಯಿಲ್ಲ ಅನ್ನುವ ಧೈರ್ಯದಲ್ಲಿ. ಹಾಗಾಗಿ ನಮ್ಮ ಕೆಲಸ ಒಂದೇ: ಫೋನಿನ ಮಾತನ್ನು ಕಾಗದಕ್ಕೆ ತರುವುದು.

ಇಷ್ಟೊಂದು ಫೋನು ಯಾಕೆ ಬರುತ್ತದೆ ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಕಂತು ತಪ್ಪಿದ ದಿನದಿಂದ ಸಾಲ ಕೊಟ್ಟವರ ಕಂಪ್ಯೂಟರು ದಿನ ಎಣಿಸಲು ಶುರು ಮಾಡುತ್ತದೆ. 30 ದಿನದವರೆಗೆ ಒಂದು ಬಕೆಟ್, 31ರಿಂದ 60 ಇನ್ನೊಂದು, 61ರಿಂದ 90 ಮತ್ತೊಂದು. 'ಬಕೆಟ್' ಅನ್ನುವುದು ಆ ಕೆಲಸದವರೇ ಬಳಸುವ ಮಾತು. ಬ್ಯಾಂಕುಗಳ ಲೆಕ್ಕದಲ್ಲಿ 90 ದಿನ ದಾಟಿತೆಂದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಆಗ ಬ್ಯಾಂಕು ತನ್ನ ಲಾಭದಿಂದ ಹೆಚ್ಚು ಹಣವನ್ನು ಅದಕ್ಕಾಗಿ ಎತ್ತಿಡಬೇಕಾಗುತ್ತದೆ. ಆದ್ದರಿಂದ ಆ ಗಡಿ ಹತ್ತಿರವಾದಷ್ಟೂ ಒತ್ತಡ ಏರುತ್ತದೆ. ಮೊದಮೊದಲು ಫೋನು ಮಾಡುವವರು ಬ್ಯಾಂಕಿನವರೇ ಇರಬಹುದು. ದಿನ ಕಳೆದಂತೆ ಫೈಲು ಹೊರಗಿನ ಏಜೆನ್ಸಿಗೆ ಹೋಗುತ್ತದೆ. ಅಲ್ಲಿ ಕೂತವನಿಗೆ ಸಿಗುವುದು ಹೆಚ್ಚಾಗಿ ವಸೂಲಾದ ಹಣದ ಮೇಲಿನ ಕಮಿಷನ್, ತಲೆಮೇಲೆ ತಿಂಗಳ ಟಾರ್ಗೆಟ್. ತಿಂಗಳ ಕೊನೆಯ ವಾರ ಫೋನು ಜಾಸ್ತಿಯಾಗುವುದು ಇದಕ್ಕೇ. ಅರ್ಧ ಸಲ ಮನುಷ್ಯ ಡಯಲ್ ಮಾಡಿರುವುದೂ ಇಲ್ಲ. ಯಂತ್ರ ಒಂದರ ಹಿಂದೊಂದು ನಂಬರು ಒತ್ತುತ್ತಾ ಹೋಗುತ್ತದೆ, ನೀವು ಎತ್ತಿದರೆ ಮಾತ್ರ ಆ ಕಡೆ ಯಾರೋ ಕೂಡಿಕೊಳ್ಳುತ್ತಾರೆ. ಎತ್ತಿದಾಗ ಒಂದೆರಡು ಸೆಕೆಂಡು ಮೌನ ಕೇಳಿಸುವುದು ಹಾಗೆ.

ಇನ್ನು ನಿಯಮ. ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಹೆಸರು ಹೇಳದೆ ಫೋನು ಮಾಡುವಂತಿಲ್ಲ, ಮೊಬೈಲಿಗಾಗಲಿ ಸೋಷಿಯಲ್ ಮೀಡಿಯಾದಲ್ಲಾಗಲಿ ಕೆಟ್ಟ ಮೆಸೇಜು ಕಳಿಸುವಂತಿಲ್ಲ, ಸುಳ್ಳು ಹೇಳಿ ಹೆದರಿಸುವಂತಿಲ್ಲ. ಸಾಲಗಾರನ ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರು, ಇವರ ಖಾಸಗಿ ಬದುಕಿಗೆ ಕೈಹಾಕುವಂತಿಲ್ಲ, ನಾಲ್ಕು ಜನರೆದುರು ಅವಮಾನ ಮಾಡುವಂತಿಲ್ಲ. ಬಿಡದೆ ಮೇಲಿಂದ ಮೇಲೆ ಫೋನು ಮಾಡುವುದೂ ಅಲ್ಲಿ ಸ್ಪಷ್ಟವಾಗಿ ನಿಷಿದ್ಧ. ದಿನಕ್ಕೆ ಇಷ್ಟೇ ಸಲ ಅಂತ ಆ ಸುತ್ತೋಲೆ ಲೆಕ್ಕ ಹಾಕಿಕೊಟ್ಟಿಲ್ಲ. ಆದರೆ ಒಂದೇ ಮಧ್ಯಾಹ್ನ ಹದಿನಾಲ್ಕು ಸಲ ಮಾಡುವುದನ್ನು ಇನ್ನೇನೆಂದು ಕರೆಯುವುದು?

ಏಜೆಂಟನ ತಪ್ಪಿಗೆ ಬ್ಯಾಂಕು ಹೊಣೆ, ಅದನ್ನೂ ನೆನಪಿಡಿ. "ಅವರು ಹೊರಗಿನವರು ಸರ್, ನಮಗೆ ಸಂಬಂಧವಿಲ್ಲ" ಅಂತ ಬ್ರಾಂಚಿನವರು ಹೇಳಿದರೆ ಅದು ನಡೆಯುವ ಮಾತಲ್ಲ. ಬ್ಯಾಂಕುಗಳಿಗೆ 2008ರಲ್ಲೇ ಹೊರಡಿಸಿದ ಸೂಚನೆಯಲ್ಲಿ ಮೂರು ಅಂಶ ನನಗೆ ಬಹಳ ಮುಖ್ಯ ಅನ್ನಿಸಿತು. ಏಜೆಂಟನ ಬಳಿ ಗುರುತಿನ ಚೀಟಿ ಮತ್ತು ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಇರಬೇಕು. ಅವನು ಮಾಡುವ ಕರೆಗಳ ರೆಕಾರ್ಡಿಂಗ್ ಇರಬೇಕು. ಮೂರನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ: ನೀವು ಸಾಲದ ಲೆಕ್ಕದ ಬಗ್ಗೆ ದೂರು ಕೊಟ್ಟಿದ್ದರೆ, ಆ ದೂರು ಇತ್ಯರ್ಥವಾಗುವ ತನಕ ಬ್ಯಾಂಕು ಫೈಲನ್ನು ರಿಕವರಿ ಏಜೆನ್ಸಿಗೆ ಕಳಿಸಬಾರದು. ದೂರು ಬರೀ ಕಾಲಹರಣಕ್ಕೆ ಕೊಟ್ಟದ್ದು ಅಂತ ಬ್ಯಾಂಕಿಗೆ ಖಾತ್ರಿಯಾದರೆ ಮಾತ್ರ ಇದಕ್ಕೆ ವಿನಾಯಿತಿ. ಅಂದರೆ ನಿಜವಾದ ತಕರಾರಿದ್ದರೆ ಅದನ್ನು ಬರವಣಿಗೆಯಲ್ಲಿ ಕೊಡುವುದೇ ಒಂದು ತಡೆಗೋಡೆ.

ಸುಪ್ರೀಂ ಕೋರ್ಟ್ ಕೂಡ ಈ ವಿಷಯದಲ್ಲಿ ಸುಮ್ಮನಿಲ್ಲ. ತೋಳ್ಬಲದವರನ್ನು ಇಟ್ಟುಕೊಂಡು ಸಾಲ ವಸೂಲಿ ಮಾಡುವುದು ಸಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು ಅಂತ 2007ರಲ್ಲಿ ಹೇಳಿತು. ಮರುವರ್ಷ ಅದರ ಮುಂದೆ ಬಂದದ್ದು ಮೋಟಾರ್ ಸೈಕಲ್ ಸಾಲ ತೆಗೆದಿದ್ದ ಯುವಕನೊಬ್ಬನ ಆತ್ಮಹತ್ಯೆಯ ಪ್ರಕರಣ. ಮಗನನ್ನು ಕಳೆದುಕೊಂಡ ತಾಯಿ ಕೋರ್ಟಿಗೆ ಹೋಗಿದ್ದರು. ಏಜೆಂಟರ ಬಗ್ಗೆ ಹೈಕೋರ್ಟು ಬರೆದಿದ್ದ ಕಟುವಾದ ಮಾತುಗಳನ್ನು ತೆಗೆದುಹಾಕಿ ಅಂತ ಬ್ಯಾಂಕು ಕೇಳಿಕೊಂಡಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಈಗ ಆ ಮಧ್ಯಾಹ್ನಕ್ಕೆ ಬರೋಣ. ಊಟ ಮುಗಿಸಿ ಕೂತಾಗ ಫೋನು ಮತ್ತೆ ನಡುಗಿತು. ಈ ಸಲ ತಮ್ಮನಿಗೆ ಎತ್ತಲು ಹೇಳಿದೆ. ಸ್ಪೀಕರಿನಲ್ಲಿಟ್ಟೆವು. ಚಿಕ್ಕಮ್ಮ ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದು ಪೆನ್ನು ಹಿಡಿದು ಕೂತರು. ಆ ಕಡೆಯವನು ಜೋರಾಗಿ ಹಿಂದಿಯಲ್ಲಿ ಶುರು ಮಾಡಿದ. ತಮ್ಮ ಹೇಳಿದ್ದು ಇಷ್ಟೇ: "ಸಾಲ ನನ್ನದೇ ಸರ್. ಮಾತಾಡ್ತೀನಿ. ಮೊದಲು ನಿಮ್ಮ ಹೆಸರು ಹೇಳಿ, ಯಾವ ಏಜೆನ್ಸಿ ಹೇಳಿ, ನಿಮಗೆ ಈ ಫೈಲು ಕೊಟ್ಟ ಪತ್ರದ ನಂಬರು ಹೇಳಿ. ಇಲ್ಲಿ ಬರ್ಕೋತಾ ಇದೀವಿ. ಕಾಲ್ ರೆಕಾರ್ಡ್ ಆಗ್ತಾ ಇದೆ." ಎರಡು ಕ್ಷಣ ಆ ಕಡೆ ಸದ್ದಿಲ್ಲ. ಆಮೇಲೆ ಅವನು ಒಂದು ಹೆಸರು ಹೇಳಿದ, ದನಿಯೂ ಇಳಿಯಿತು. ಪತ್ರದ ನಂಬರು ಮಾತ್ರ ಹೇಳಲಿಲ್ಲ, "ಮತ್ತೆ ಮಾಡ್ತೀನಿ" ಅಂತ ಇಟ್ಟ.

ಹೀಗೆ ಕೇಳಿದರೆ ಎಲ್ಲರೂ ತಣ್ಣಗಾಗುತ್ತಾರೆ ಅಂತ ನಾನು ಹೇಳುವುದಿಲ್ಲ. ಇನ್ನಷ್ಟು ಕೂಗಾಡುವವರೂ ಇದ್ದಾರೆ. ಆಗ "ನೀವು ಬೈತಾ ಇದೀರಿ, ನಾನು ಇಡ್ತೀನಿ, ಬ್ಯಾಂಕಿಗೆ ಬರೀತೀನಿ" ಅಂತ ಹೇಳಿ ಇಟ್ಟುಬಿಡಿ. ತಿರುಗಿ ಬೈಯಬೇಡಿ. ನೀವು ಬೈದ ಅರ್ಧ ನಿಮಿಷ ಅವರ ರೆಕಾರ್ಡಿಂಗಿನಲ್ಲಿ ಉಳಿಯುತ್ತದೆ. ಇನ್ನೊಂದು, ಗಾಬರಿಯಲ್ಲಿ "ನಾಳೆ ಕಟ್ತೀನಿ" ಅನ್ನಬೇಡಿ. ಆ ಮಾತಿಗೆ ದಿನಾಂಕ ಹಾಕಿಕೊಂಡು ನಾಡಿದ್ದು ಅದನ್ನೇ ಹಿಡಿದು ಹಿಂಸೆ ಮಾಡುತ್ತಾರೆ. ಆಗುವ ದಿನ, ಆಗುವ ಮೊತ್ತ ಮಾತ್ರ ಹೇಳಿ. ಏಜೆಂಟನ ಸ್ವಂತ ನಂಬರಿಗೆ ಯುಪಿಐ ಮಾಡುವುದಂತೂ ಬೇಡವೇ ಬೇಡ. ಕಟ್ಟುವುದಿದ್ದರೆ ಸಾಲದ ಖಾತೆಗೇ, ಅಥವಾ ಬ್ಯಾಂಕಿನ ಅಧಿಕೃತ ಆ್ಯಪಿನಲ್ಲೇ. ಸಾಲ ವಸೂಲಿಯ ವೇಷದಲ್ಲಿ ಮೋಸ ಮಾಡುವವರೂ ಇರುವುದರಿಂದ ಇದು ಎರಡು ಪಟ್ಟು ಮುಖ್ಯ. ನೀವು ಸಾಲವನ್ನೇ ಮಾಡಿಲ್ಲ, ಆದರೂ ನಿಮ್ಮ ಹೆಸರಿಗೆ ಫೋನು ಬರುತ್ತಿದೆ ಎಂದಾದರೆ ಮೊದಲು ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಸಲ ಪುಕ್ಕಟೆ ಕೊಡಬೇಕು. ನಿಮ್ಮ ದಾಖಲೆ ಬಳಸಿ ಬೇರೆ ಯಾರೋ ಸಾಲ ಎತ್ತಿದ್ದರೆ ಅದರಲ್ಲಿ ಕಾಣುತ್ತದೆ.

ಫೋನಿನ ಕೆಲಸ ಇಷ್ಟೇ. ನಿಜವಾದ ಕೆಲಸ ಆಮೇಲೆ, ಇಮೇಲ್ ಬರೆಯುವುದರಲ್ಲಿ. ತಮ್ಮ ಅವತ್ತೇ ಸಂಜೆ ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆದ. ಆ ಅಧಿಕಾರಿಯ ಹೆಸರು, ಮೇಲ್ ವಿಳಾಸ ಸಂಸ್ಥೆಯ ಜಾಲತಾಣದಲ್ಲಿ ಇರುತ್ತದೆ, ಸಾಲದ ಕರಾರಿನ ಕಾಗದದಲ್ಲೂ ಸಿಗುತ್ತದೆ. ಅವನ ಮೇಲಿನಲ್ಲಿ ಕಾನೂನಿನ ದೊಡ್ಡ ಮಾತಿರಲಿಲ್ಲ. ಸರಿಸುಮಾರು ಹೀಗಿತ್ತು:

"ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಕೆಲಸ ಹೋದ ಕಾರಣ ಎರಡು ಕಂತು ಬಾಕಿಯಿದೆ, ಕಟ್ಟುವ ಮನಸ್ಸಿದೆ. ನನ್ನ ತಾಯಿ ಈ ಸಾಲಕ್ಕೆ ಜಾಮೀನುದಾರರಲ್ಲ. ಆದರೂ ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಅವರಿಗೆ ಹದಿನಾಲ್ಕು ಕರೆ ಬಂದಿದೆ, ನಂಬರುಗಳ ಪಟ್ಟಿ ಲಗತ್ತಿಸಿದ್ದೇನೆ. ಹಿಂದಿನ ದಿನ ಆಡಿದ ಮಾತನ್ನು ಕೆಳಗೆ ಬರೆದಿದ್ದೇನೆ. ಅವರ ನಂಬರನ್ನು ನಿಮ್ಮ ದಾಖಲೆಯಿಂದ ತೆಗೆಯಿರಿ. ಇನ್ನು ಮುಂದೆ ನನ್ನ ಜೊತೆ ಈ ಮೇಲ್ ಮೂಲಕ, ಕನ್ನಡದಲ್ಲಿ ವ್ಯವಹರಿಸಿ. ನನ್ನ ಫೈಲು ಯಾವ ಏಜೆನ್ಸಿಗೆ ಕೊಟ್ಟಿದ್ದೀರಿ ತಿಳಿಸಿ. ಅಸಲು, ಬಡ್ಡಿ, ದಂಡ ಬೇರೆ ಬೇರೆ ತೋರಿಸಿ ಸ್ಟೇಟ್‌ಮೆಂಟ್ ಕಳಿಸಿ. ಮೂರು ತಿಂಗಳು ಅರ್ಧ ಕಂತು ಕಟ್ಟಲು ಅವಕಾಶ ಕೊಡಿ."

ಕನ್ನಡದಲ್ಲಿ ಅಂತ ಬರೆದದ್ದು ಅಭಿಮಾನಕ್ಕೆ ಮಾತ್ರ ಅಲ್ಲ. ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಲಗಾರನ ಜೊತೆಗಿನ ಪತ್ರವ್ಯವಹಾರವನ್ನೆಲ್ಲ ಸ್ಥಳೀಯ ಭಾಷೆಯಲ್ಲಿ ಅಥವಾ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಮಾಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲೇ ಇದೆ. ಅರ್ಥವಾಗದ ಭಾಷೆಯಲ್ಲಿ ಕೇಳಿದ ಬೆದರಿಕೆ ಎರಡರಷ್ಟು ಹೆದರಿಸುತ್ತದೆ, ಚಿಕ್ಕಮ್ಮನಿಗೆ ಆದದ್ದೂ ಅದೇ. ದಂಡವನ್ನು ಬೇರೆ ತೋರಿಸಿ ಅಂತ ಕೇಳಿದ್ದಕ್ಕೂ ಕಾರಣವಿದೆ. ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಮಾಡಿ 2024ರಲ್ಲಿ ಜಾರಿಗೆ ತಂದ ನಿಯಮದಂತೆ ತಡವಾದ ಕಂತಿಗೆ ದಂಡವನ್ನು ಶುಲ್ಕವಾಗಿ ಹಾಕಬಹುದೇ ಹೊರತು ಬಡ್ಡಿದರಕ್ಕೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ.

ಉತ್ತರಕ್ಕೆ 30 ದಿನ ಕಾಯಿರಿ. ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಬಳಿಗೆ ಹೋಗಬಹುದು. ಮೊದಲು ಬ್ಯಾಂಕಿಗೆ ಬೇರೆ, ಹಣಕಾಸು ಸಂಸ್ಥೆಗಳಿಗೆ ಬೇರೆ ಓಂಬುಡ್ಸ್‌ಮನ್ ಇದ್ದರು, 2021ರ ನವೆಂಬರ್ 12ರಿಂದ ಎಲ್ಲ ಒಂದೇ ಯೋಜನೆಯಡಿ ಬಂದಿದೆ. ವಕೀಲರು ಬೇಡ, ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಜಾಲತಾಣದಲ್ಲಿ ದೂರು ತುಂಬಬಹುದು, ಚಂಡೀಗಢದ ಅವರ ಕಚೇರಿಗೆ ಅಂಚೆಯಲ್ಲೂ ಕಳಿಸಬಹುದು. ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಫೋನು ಮಾಡಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಮೊದಲು ಸಂಸ್ಥೆಗೆ ಬರೆಯದೆ ನೇರವಾಗಿ ಇಲ್ಲಿಗೆ ಬಂದರೆ ದೂರು ತಳ್ಳಿಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಆ ಮೊದಲ ಇಮೇಲಿನ ಬೆಲೆ ಆಗ ತಿಳಿಯುತ್ತದೆ.

"ನಾಳೆ ಪೊಲೀಸ್ ಬರ್ತಾರೆ", "ಅರೆಸ್ಟ್ ವಾರಂಟ್ ಆಗಿದೆ" ಅನ್ನುವ ಮಾತಿಗೆ ಬರುತ್ತೇನೆ, ಯಾಕೆಂದರೆ ಜನ ಚಿನ್ನ ಮಾರುವುದು, ಮೀಟರ್ ಬಡ್ಡಿಗೆ ಕೈಯೊಡ್ಡುವುದು ಇದನ್ನು ಕೇಳಿದ ಮೇಲೆ. ಕೈಲಾಗದೆ ಕಂತು ತಪ್ಪಿದರೆ ಅದು ಸಿವಿಲ್ ವ್ಯಾಜ್ಯ. ಅದಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ಏಜೆಂಟನ ಬಳಿ ವಾರಂಟ್ ಇರುವುದಿಲ್ಲ, ಅದನ್ನು ಕೊಡುವುದು ಕೋರ್ಟು. ಆದರೆ ಪೂರ್ತಿ ನಿಜ ಹೇಳಬೇಕು. ನೀವು ಕೊಟ್ಟ ಚೆಕ್ ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಕ್ರಿಮಿನಲ್ ಕೇಸು ಹಾಕಲು ಬರುತ್ತದೆ. ಖಾತೆಯಿಂದ ತಾನಾಗಿ ಕಡಿತವಾಗುವ ಇಎಂಐ ಹಣವಿಲ್ಲದೆ ಬೌನ್ಸಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂನಲ್ಲಿ ಅದೇ ಬಗೆಯ ದಾರಿಯಿದೆ. ಆದರೆ ಎರಡಕ್ಕೂ ಮೊದಲು ಲಿಖಿತ ನೋಟಿಸು ಬರಬೇಕು, ನೋಟಿಸು ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಸಿಗುತ್ತದೆ. ಆದ್ದರಿಂದ ಫೋನಿಗೆ ಹೆದರಬೇಡಿ, ಅಂಚೆಯಲ್ಲಿ ಬರುವ ನೋಟಿಸಿಗೆ ಹೆದರಿ. ಅದನ್ನು ವಾಪಸು ಕಳಿಸದೆ ತೆಗೆದುಕೊಂಡು ಓದಿ, ಅವತ್ತೇ ವಕೀಲರಿಗೆ ತೋರಿಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆಯಿರುವವರಿಗೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಮನೆ ಅಡಮಾನವಿಟ್ಟ ಸಾಲವಾದರೆ ದಾರಿ ಬೇರೆ. ಅಲ್ಲಿಯೂ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸು ಕೊಡದೆ ಮುಟ್ಟುವಂತಿಲ್ಲ, ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ.

ಯಾರು ಕಟ್ಟಬೇಕು, ಯಾರು ಬೇಡ ಅನ್ನುವ ಗೊಂದಲವೂ ಬಹಳ. ರೆಫರೆನ್ಸ್ ಕೊಟ್ಟವರು ಒಂದು ಪೈಸೆಗೂ ಬಾಧ್ಯರಲ್ಲ. ಜಾಮೀನಿಗೆ ಸಹಿ ಹಾಕಿದವರು ಸಾಲಗಾರನಷ್ಟೇ ಬಾಧ್ಯರು, ಕೈ ತೊಳೆದುಕೊಳ್ಳಲು ಬರುವುದಿಲ್ಲ. ಸಾಲಗಾರ ತೀರಿಕೊಂಡರೆ ವಾರಸುದಾರರು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ, ತಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಾಗಿಲ್ಲ.

ಮೊಬೈಲ್ ಆ್ಯಪಿನ ಸಾಲದ ಕತೆ ಇನ್ನೂ ಕ್ರೂರ. ಐದು ಸಾವಿರ ಕೊಟ್ಟು, ಫೋನಿನಲ್ಲಿರುವ ನಂಬರುಗಳನ್ನೆಲ್ಲ ಎಳೆದುಕೊಂಡು, ಕಂತು ತಪ್ಪಿದ ದಿನ ಆಫೀಸಿನವರಿಗೆ, ಹೆಣ್ಣು ಕೊಟ್ಟ ಮನೆಯವರಿಗೆ ತಿರುಚಿದ ಫೋಟೋ ಕಳಿಸುವವರಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಬಂದು 2025ರ ಮೇ ತಿಂಗಳಲ್ಲಿ ಪರಿಷ್ಕಾರವಾದ ಡಿಜಿಟಲ್ ಸಾಲದ ನಿಯಮದ ಪ್ರಕಾರ ಸಾಲದ ಆ್ಯಪು ನಿಮ್ಮ ಕಾಂಟ್ಯಾಕ್ಟ್, ಕಾಲ್ ಪಟ್ಟಿ, ಫೋಟೋಗಳನ್ನು ಮುಟ್ಟುವಂತಿಲ್ಲ. ಏಜೆಂಟನನ್ನು ನೇಮಿಸಿದರೆ ಅವನು ಫೋನು ಮಾಡುವ ಮೊದಲೇ ಅವನ ವಿವರವನ್ನು ನಿಮಗೆ ಮೆಸೇಜಿನಲ್ಲೋ ಮೇಲಿನಲ್ಲೋ ತಿಳಿಸಬೇಕು. ನಿಯಮಕ್ಕೊಳಪಟ್ಟ ಆ್ಯಪುಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕು ತನ್ನ ಜಾಲತಾಣದಲ್ಲಿ ಹಾಕಿದೆ. ಪಟ್ಟಿಯಲ್ಲಿಲ್ಲದ ಆ್ಯಪಿನವರು ಹೆದರಿಸಿದರೆ ಓಂಬುಡ್ಸ್‌ಮನ್ ಕಡೆ ಹೋಗಿ ಫಲವಿಲ್ಲ, ಅದು ನೇರ ಪೊಲೀಸ್ ಕೇಸು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡಿ ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಹೋಗಿ. ಜೀವಬೆದರಿಕೆ, ಮನೆಗೆ ನುಗ್ಗುವುದು, ಹೆಂಗಸರಿಗೆ ಅಸಭ್ಯ ಮಾತು, ಇವಕ್ಕೆ ಸಾಲದ ಕಾಯ್ದೆಯೇ ಬೇಕಾಗಿಲ್ಲ, 112 ಇದೆ. ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇದೆ.

ಹಳ್ಳಿಯ ಸಂಘದ ಸಾಲಕ್ಕೆ ನಿಯಮ ಇನ್ನೂ ಬಿಗಿ. ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಮೈಕ್ರೋ ಫೈನಾನ್ಸ್ ಸಾಲದಲ್ಲಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನು ಮಾಡುವಂತಿಲ್ಲ. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಸತತ ಎರಡು ಸಲ ನೀವು ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಎಲ್ಲ ಸಾಲಗಳ ಕಂತು ಸೇರಿ ಮನೆಯ ಆದಾಯದ ಅರ್ಧ ಮೀರಬಾರದು ಎಂಬ ಮಿತಿಯೂ ಇದೆ. ಈ ನಿಯಮ 2022ರಲ್ಲೇ ಬಂತು. ಆದರೂ 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆ ಕಿರುಕುಳ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರುತ್ತಿತ್ತು. ಆ ಕೂಗಿಗೇ ಫೆಬ್ರವರಿ 12ರಂದು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದದ್ದು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅದರಲ್ಲಿತ್ತು. ಅದರ ಮುಖ್ಯ ಗುರಿ ನೋಂದಣಿಯಿಲ್ಲದೆ ಸಾಲ ಕೊಡುವವರು. ನೋಂದಾಯಿತ ಬ್ಯಾಂಕು, ಸಂಸ್ಥೆಗಳ ವಿಷಯದಲ್ಲಿ ಮೇಲೆ ಹೇಳಿದ ರಿಸರ್ವ್ ಬ್ಯಾಂಕಿನ ದಾರಿಯನ್ನೇ ಗಟ್ಟಿಯಾಗಿ ಹಿಡಿಯಿರಿ.

ಕೊನೆಗೆ ಹೊಂದಾಣಿಕೆ. ಹಲವು ತಿಂಗಳು ಬಾಕಿಯಾದ ಮೇಲೆ ಏಜೆಂಟರು "ಇಷ್ಟು ಕಟ್ಟಿ, ಮುಗಿಸಿಬಿಡೋಣ" ಅನ್ನುತ್ತಾರೆ. ಒಳ್ಳೆಯದೇ. ಆದರೆ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ, ಇಷ್ಟು ಮೊತ್ತಕ್ಕೆ ಖಾತೆ ಮುಚ್ಚುತ್ತೇವೆ ಅಂತ ಬರೆದ ಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯೂ ಕೊಡಬೇಡಿ. ಹೀಗೆ ಮುಗಿದ ಸಾಲ ಕ್ರೆಡಿಟ್ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬರುತ್ತದೆ, 'ಕ್ಲೋಸ್ಡ್' ಅಂತ ಅಲ್ಲ. ಮುಂದೆ ಮನೆ ಸಾಲಕ್ಕೆ ಹೋದಾಗ ಆ ಒಂದು ಪದ ಅಡ್ಡ ಬರಬಹುದು. ಸ್ವಲ್ಪ ತಡವಾದರೂ ಪೂರ್ತಿ ಕಟ್ಟುವ ಶಕ್ತಿ ಇದ್ದರೆ ಕಂತಿನ ಅವಧಿ ಹೆಚ್ಚಿಸಿಕೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ. ಮುಗಿದ ಮೇಲೆ ಬಾಕಿಯಿಲ್ಲದ ಪತ್ರ ಕೇಳಿ ಪಡೆದು ಜೋಪಾನ ಮಾಡಿ. ವರ್ಷಗಳಾದ ಮೇಲೆ ಇನ್ನೊಂದು ಏಜೆನ್ಸಿ ಹಳೇ ಪಟ್ಟಿ ಹಿಡಿದು ಫೋನು ಮಾಡಿದರೆ ಬಾಯಿ ಮುಚ್ಚಿಸುವುದು ಅದೇ ಕಾಗದ.

ಫೋನಿನ ಸದ್ದು ಕೇಳಿದರೇ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಇದೆಲ್ಲ ಪಕ್ಕಕ್ಕಿಡಿ. ಸರ್ಕಾರದ ಟೆಲಿ ಮಾನಸ್, 14416. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ಸಾಲದ ಪೂರ್ತಿ ಲೆಕ್ಕ ಇವತ್ತೇ ಹೇಳಿ. ತಮ್ಮ ಅದನ್ನು ಮೂರು ತಿಂಗಳು ಮುಚ್ಚಿಟ್ಟಿದ್ದ.

ಅವನ ಮೇಲಿಗೆ ಹನ್ನೆರಡನೇ ದಿನ ಉತ್ತರ ಬಂತು. ಚಿಕ್ಕಮ್ಮನ ನಂಬರು ತೆಗೆದಿದ್ದೇವೆ ಅಂದಿದ್ದರು, ಏಜೆನ್ಸಿಯ ಹೆಸರು ತಿಳಿಸಿದ್ದರು. ಅರ್ಧ ಕಂತಿಗೆ ಒಪ್ಪಲಿಲ್ಲ, ಬದಲಿಗೆ ಅವಧಿಯನ್ನು ಎಂಟು ತಿಂಗಳು ಮುಂದಕ್ಕೆ ಹಾಕಿ ಕಂತು ಇಳಿಸಿದರು. ಆಮೇಲೂ ಒಂದೆರಡು ಸಲ ಚಿಕ್ಕಮ್ಮನಿಗೆ ಫೋನು ಬಂತು. ಅವರು ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದು, "ನಿಮ್ಮ ಹೆಸರು ಹೇಳಪ್ಪ, ಬರ್ಕೋಬೇಕು" ಅಂದರಂತೆ. ಅಲ್ಲಿಗೆ ನಿಂತಿತು. ಫೋನು ಈಗ ಟೀವಿ ಪಕ್ಕದಲ್ಲಿರುತ್ತದೆ, ಸೌಂಡ್ ಆನ್ ಆಗಿದೆ.